ಬಿಳಿ ತೋಳಿನ ಮೇಲೆ ಅರಿಶಿಣ

ಬೆಳಗಾವಿ ಕೋಟೆಯಲ್ಲಿ ಸಂಜೆ ಮೊಳಗುತ್ತಿದ್ದ ಬ್ಯೂಗಲ್ ಇನ್ನೂ ಕಿವಿಯಲ್ಲಿದೆ. ಎಪ್ಪತ್ತರ ದಶಕ, ಖಾನಾಪುರದ ಮನೆಯೊಂದಕ್ಕೆ ನನ್ನನ್ನು ಕೊಡುವುದೆಂದು ಗೊತ್ತಾಗಿತ್ತು. ಅವತ್ತು ನನಗೆ ಅರಿಶಿಣ ಹಚ್ಚಿದ್ದರು; ಹಚ್ಚಿದ ಮೇಲೆ ಮದುಮಗಳು ಹೊಸ್ತಿಲು ದಾಟಬಾರದು. ಆದರೆ ನಮ್ಮ ಕಾನ್ವೆಂಟಿನ ಸಿಸ್ಟರ್ ಮರುದಿನ ಆಲ್ಪ್ಸ್‌ನ ತಮ್ಮ ಹಳ್ಳಿಗೆ ಹೊರಟಿದ್ದರು, ಫಾರ್ ಗುಡ್. ದಿನವೂ ಅವರು ಕೋಟೆಗೆ ವಾಕಿಂಗ್ ಬರುತ್ತಿದ್ದರಿಂದ ಅಲ್ಲಿಗೇ ಕದ್ದು ಹೋದೆ.

“ನಮ್ಮ ಹಳ್ಳಿಯ ಮೇಲೂ ಇಂಥದೇ ಕೋಟೆ, ಡಿಯರ್. ಸುತ್ತ ಸ್ನೋ,” ಎಂದರು.

“ನನ್ನನ್ನೂ ಕರಕೊಂಡು ಹೋಗ್ರಿ, ಸಿಸ್ಟರ್,” ಎಂದು ಅವರ ತೋಳು ಹಿಡಿದೆ.

ಅಷ್ಟರಲ್ಲಿ ಸೋದರತ್ತೆ ಟಾಂಗಾದಲ್ಲಿ ಹುಡುಕಿಕೊಂಡು ಬಂದರು. “ಹಸಿ ಅರಿಶಿಣದಾಗ ಕಿಲ್ಲಾ ನೋಡಾಕ ಬಂದಿಯೇನ, ಮಹಾರಾಣಿ? ಬೀಗರಿಗೆ ಗೊತ್ತಾದ್ರ ಏನಂದಾರು? ಹತ್ತು ಟಾಂಗಾ!”

ಹತ್ತಿದೆ. ಸಿಸ್ಟರನ್ನು ಕೊನೆಯ ಸಲ ನೋಡಿದ್ದು ಆಗಲೇ. ಕೋಟೆಯ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು. ಅವರ ಬಿಳಿ ತೋಳಿನ ಮೇಲೆ ನನ್ನ ಐದು ಬೆರಳು ಹಳದಿಯಾಗಿ ಮೂಡಿದ್ದವು.