ಅತ್ತೆ ತುಂಬಿಸಿಟ್ಟ ಗೀಸರ್

ನನ್ನ ತವರು ಕಾರ್ಗಲ್. ಅಪ್ಪ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದವರು. ಅಲ್ಲಿನ ಕಾಲೊನಿಯಲ್ಲಿ ಬೆಳೆದ ಮಕ್ಕಳಿಗೆಲ್ಲ ಒಂದು ರೋಗ ಇದೆ. ನಾಡಿಗೆಲ್ಲ ಕರೆಂಟು ಕೊಟ್ಟವರು ನಾವೇ, ಹಾಗಾಗಿ ಮಿಕ್ಸಿ ಕೆಟ್ಟರೂ ಫ್ಯಾನು ನಿಂತರೂ ಮೆಕ್ಯಾನಿಕ್ಕನ್ನು ಕರೆಯುವುದು ಮರ್ಯಾದೆಗೆ ಕಡಿಮೆ ಎಂಬ ರೋಗ. ಮದುವೆಯಾಗಿ ಸಾಗರಕ್ಕೆ ಬರುವಾಗ ನಾನು ಅದನ್ನೂ ಜೊತೆಗೇ ತಂದೆ. ನನ್ನ ಟೆಸ್ಟರು, ಸ್ಪ್ಯಾನರುಗಳು ಅಡುಗೆಮನೆಯ ಡ್ರಾಯರಿನಲ್ಲಿ ಸೌಟುಗಳ ಪಕ್ಕದಲ್ಲೇ ಮಲಗಿರುತ್ತವೆ. ನನ್ನ ಗಂಡನಿಗೆ ಬಲ್ಬು ಹೋದರೂ ನಾನೇ ಬೇಕು. ಅವರು ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ, ಅಷ್ಟರ ಮಟ್ಟಿಗೆ ಅವರ ಸಹಾಯ ದೊಡ್ಡದು.

ಹೊಸನಗರದ ಕಡೆಯ ಹಳ್ಳಿಯಲ್ಲಿ ದೊಡ್ಡ ಮಗನ ಮನೆಯಲ್ಲಿರುವ ನನ್ನ ಅತ್ತೆಗೆ ಹೋದ ವರ್ಷ ಮಂಡಿಯ ಆಪರೇಷನ್ ಆಯಿತು. ವ್ಯಾಯಾಮ ಮಾಡಿಸುವವರು ಇರುವುದು ಸಾಗರದಲ್ಲಿ. ಹಳ್ಳಿಯ ಮನೆಯಲ್ಲಿ ಬಚ್ಚಲಿಗೆ ಹೋಗಬೇಕಾದರೆ ಮೆಟ್ಟಿಲಿಳಿಯಬೇಕು. ಕಾಲು ಸರಿಯಾಗಿ ಮಡಚಲು ಬರುವವರೆಗೆ ನಮ್ಮಲ್ಲೇ ಇರಲಿ ಎಂದು ಕರೆತಂದೆವು. ಅತ್ತೆ ಬಂದದ್ದು ನನಗೆ ಬಹಳ ಖುಷಿ. ಮನೆಯಲ್ಲಿ ನನ್ನ ಮಾತಿಗೆ ಹೂಂ ಎನ್ನುವವರು ಒಬ್ಬರು ಸಿಕ್ಕಿದರು. ಗಂಡ ಹೂಂ ಎನ್ನುವುದು ಫೋನು ನೋಡುತ್ತ. ಅತ್ತೆ ಹಾಗಲ್ಲ, ನಡುನಡುವೆ ತಕರಾರು ತೆಗೆಯುತ್ತಾರೆ, ಅಂದರೆ ನಿಜವಾಗಿ ಕೇಳಿಸಿಕೊಳ್ಳುತ್ತಾರೆ.

ಅವರು ಬಂದ ಮಾರನೆಯ ದಿನದಿಂದಲೇ ಗೀಸರ್ ಕೈಕೊಟ್ಟಿತು. ಬೆಳಿಗ್ಗೆ ಎದ್ದ ಕೂಡಲೇ ನಾನು ಸ್ವಿಚ್ ಹಾಕುತ್ತೇನೆ. ಕೆಂಪು ದೀಪ ಆರಿದರೆ ನೀರು ಕಾದಿದೆ ಎಂದು ಲೆಕ್ಕ. ಆಗ ಸ್ವಿಚ್ ಆರಿಸಿಬಿಡುತ್ತೇನೆ. ಕರೆಂಟು ಹರಿಯುತ್ತಿರುವಾಗ ಯಾರೂ ಸ್ನಾನಕ್ಕೆ ಇಳಿಯಬಾರದು ಎನ್ನುವುದು ಅಪ್ಪ ಕಲಿಸಿದ ಪಾಠ. ಮೊದಲು ಗಂಡನ ಸ್ನಾನ, ಆಮೇಲೆ ಅತ್ತೆಯದು, ಕೊನೆಗೆ ನನ್ನದು. ಗಂಡನದು ಕಾಗೆ ಸ್ನಾನ, ಅತ್ತೆಯದೂ ಮಿತದ್ದೇ. ಮೂವರಿಗೂ ಧಾರಾಳವಾಗಿ ಸಾಕಾಗಬೇಕು. ಆದರೆ ಮೊದಲ ಚೊಂಬು ಮೈಮೇಲೆ ಸುರಿದುಕೊಂಡ ನಾನು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ನೀರು ಕೊರೆಯುತ್ತಿತ್ತು.

"ನಂಗೆ ಕೈ ಸುಡೋ ಹಾಗೆ ಬಂತಲ್ಲೇ," ಎಂದರು ಗಂಡ.

ಮರುದಿನವೂ ಅದೇ ಕಥೆ. ಮತ್ತೆ ಸ್ವಿಚ್ ಹಾಕಿ ಕಾದರೆ ಬಿಸಿನೀರು ಸಿಗುತ್ತಿತ್ತು. ಆದರೆ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ ಅದನ್ನು ಹುಡುಕದೆ ಬಿಡುವವಳಲ್ಲ ನಾನು. ದೀಪ ಹತ್ತುತ್ತಿದೆ, ಅಂದರೆ ಕರೆಂಟು ಬರುತ್ತಿದೆ. ನೀರು ಕಾದ ಮೇಲೆ ಆರುತ್ತಿದೆ, ಅಂದರೆ ಥರ್ಮೋಸ್ಟಾಟ್ ಸರಿಯಿದೆ. ನಲ್ಲಿಯ ಒಳಗೆ ವಾಷರ್ ಸವೆದು ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿರಬಹುದೆಂದು ನಲ್ಲಿ ಬಿಚ್ಚಿ ವಾಷರ್ ಬದಲಿಸಿದೆ. ಮರುದಿನ ಮತ್ತೆ ತಣ್ಣೀರು. ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರಿಗೆ ಬಿಸಿನೀರು ಕೊಟ್ಟು, ದಿನವೂ ಆರೈಕೆ ಮಾಡುವ ನನಗೆ ಮಾತ್ರ ತಣ್ಣೀರು ಕೊಡುವ ಗೀಸರ್ ಅಂದರೆ ಅದಕ್ಕೆ ನನ್ನ ಮೇಲೆ ಏನೋ ಹಗೆ ಇರಬೇಕು ಅನ್ನಿಸಿತು.

"ಮೂರು ಜನಕ್ಕೆ ಇದು ಸಾಲಲ್ಲ. ದೊಡ್ಡದು ತರ್ಬೇಕು," ಎಂದು ಗಂಡ ತಿಂಡಿ ತಿನ್ನುತ್ತ ಸಹಜವಾಗಿ ಹೇಳಿದರು. ಆ ಮಾತು ಒಳಗೆ ಮಂಚದ ಮೇಲೆ ಕೂತು ಕಾಲು ಚಾಚಿ ಮಡಚುತ್ತಿದ್ದ ಅತ್ತೆಯ ಕಿವಿಗೆ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಅವರು ಊರಿನ ದೊಡ್ಡ ಮಗನಿಗೆ ಫೋನು ಮಾಡುತ್ತಿದ್ದುದು ನನಗೆ ಕೇಳಿಸಿತು.

"ಸೋಮವಾರ ಕಾರು ತಗಂಡು ಬಾ. ಆನು ಬತ್ತಿ. ಇಲ್ಲಿ ಯನ್ನಿಂದಾಗಿ ಕೂಸು ದಿನಾ ತಣ್ಣೀರು ಮೀತಾ ಇದ್ದು."

ಕೂಸು ಅಂದರೆ ನಾನು. ತಮ್ಮಿಂದಾಗಿ ನಾನು ದಿನಾ ತಣ್ಣೀರಿನಲ್ಲಿ ಮೀಯುತ್ತಿದ್ದೇನೆ ಎಂದು ಅವರು ಊರಿಗೆ ಹೊರಟಿದ್ದರು. ಈಗ ನಿಲ್ಲಿಸಿದರೆ ಮಂಡಿ ಬಿಗಿದುಕೊಂಡು ಹಾಗೇ ಉಳಿದುಬಿಡುತ್ತದೆ ಎಂದು ವ್ಯಾಯಾಮ ಮಾಡಿಸುವವರು ಮೊನ್ನೆಯಷ್ಟೇ ಹೇಳಿದ್ದರು. ನಾನು ಒಳಗೆ ಹೋಗಿ, "ಅತ್ತೆ, ಇದೆಂಥ ಹುಚ್ಚು! ಗೀಸರ್ ಕೆಟ್ಟಿದ್ದಕ್ಕೆ ಯಾರಾದ್ರೂ ಊರಿಗೆ ಹೋಗ್ತಾರಾ?" ಎಂದು ಕೂಗಾಡಿದೆ. ಅವರು ನಕ್ಕು, "ಎಂಥದೂ ಇಲ್ಲೆ ಮಾರಾಯ್ತಿ, ಮನೆ ನೆನಪಾತು," ಎಂದರು. ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುವಾಗ ಸೆರಗಿನ ತುದಿಯನ್ನು ಸುತ್ತುತ್ತಾರೆ, ಆಗಲೂ ಸುತ್ತಿದರು.

ಸೋಮವಾರದೊಳಗೆ ಗೀಸರ್ ಸರಿಯಾಗಲೇಬೇಕಿತ್ತು. ಶನಿವಾರ ಮಧ್ಯಾಹ್ನ ಪೇಟೆಗೆ ಹೋಗಿ ಹೊಸ ಗ್ಯಾಸ್ಕೆಟ್ಟು, ಕಾಯಿಲ್ ತಂದೆ. ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ನೀರಿನ ವಾಲ್ವ್ ಮುಚ್ಚಿ, ಟ್ಯಾಂಕು ಖಾಲಿ ಮಾಡಿದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ತಳದ ಮುಚ್ಚಳ ಬಿಚ್ಚಿದ್ದೇ ತಡ, ಕೆಮ್ಮಣ್ಣಿನಂಥ ಕೆಸರು ಬಳಬಳನೆ ಸುರಿದು ನನ್ನ ಹಣೆ, ಮೂಗು, ಚೂಡಿದಾರ ಎಲ್ಲ ಕೆಂಪಾದವು. ಕುರ್ಚಿ ಹಿಡಿದಿದ್ದ ಗಂಡ ಫೋಟೊ ತೆಗೆದು ತೀರ್ಥಹಳ್ಳಿಯಲ್ಲಿರುವ ನಾದಿನಿಗೆ ಕಳಿಸಿದರು. ಅವಳು ತಿರುಗಿ ಅತ್ತೆಗೇ ಫೋನು ಮಾಡಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬಂದದ್ದಕ್ಕಿಂತ ಸಮಾಧಾನವಾದದ್ದೇ ಹೆಚ್ಚು. ಇಷ್ಟು ಕೆಸರು ತುಂಬಿದ್ದರೆ ನೀರಿಗೆ ಜಾಗವಾದರೂ ಎಲ್ಲಿ? ಕೊನೆಗೂ ಕಳ್ಳ ಸಿಕ್ಕಿದ ಎಂದುಕೊಂಡು ಎಲ್ಲವನ್ನೂ ತೊಳೆದು, ಹೊಸ ಕಾಯಿಲ್ ಕೂರಿಸಿ ಬಿಗಿದೆ.

ಭಾನುವಾರ ಬೆಳಿಗ್ಗೆ ಗಂಡ ಹೊರಬಂದರು. "ಇವತ್ತಂತೂ ಕುದೀತಿದೆ," ಎಂದರು. ಅತ್ತೆ ಒಳಗೆ ಹೋದರು. ಭಾನುವಾರವಾದ್ದರಿಂದ ತಿಂಡಿಗೆ ಅವಸರವಿರಲಿಲ್ಲ, ಅತ್ತೆ ಜಾರಿದರೆ ಹಿಡಿಯಲು ಹತ್ತಿರವೇ ಇರೋಣ ಎಂದು ನಾನು ಬಾಗಿಲ ಹೊರಗೆ ಸ್ಟೂಲು ಹಾಕಿ ಕೂತೆ. ಬೇರೆ ದಿನ ಆ ಹೊತ್ತಿಗೆ ನಾನು ದೋಸೆಯ ಕಾವಲಿಯ ಮುಂದೆ ಇರುತ್ತಿದ್ದೆ. ಚೊಂಬಿನ ಸದ್ದು ಕೇಳಿತು, ನಿಂತಿತು. ಸೀರೆ ಕೊಡವಿದ ಸದ್ದೂ ಕೇಳಿತು. ಆಮೇಲೆ ಮತ್ತೆ ನಲ್ಲಿ ಬಿಟ್ಟ ಸದ್ದು. ನೀರು ಧೋ ಎಂದು ಸುರಿಯುತ್ತಲೇ ಇದೆ, ನಿಲ್ಲುತ್ತಿಲ್ಲ.

"ಅತ್ತೆ, ಸ್ನಾನ ಆಗ್ಲಿಲ್ವಾ? ನಲ್ಲಿ ಯಾಕೆ ಬಿಟ್ಟಿದ್ದೀರಿ?"

"ಆತು. ನಿಂಗೆ ತುಂಬಸ್ತಾ ಇದ್ದಿ!"

ಚಿಲಕ ಹಾಕಿರದ ಬಾಗಿಲನ್ನು ತಳ್ಳಿದೆ. ಅತ್ತೆ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯನ್ನು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು, ಶ್ರದ್ಧೆಯಿಂದ ಕಾಯುತ್ತಿದ್ದರು. "ಹಾಂ, ಈಗ ತಣ್ಣಗೆ ಬಂತು. ತುಂಬ್ತು ಹೇಳಿ ಅರ್ಥ ಅಲ್ದನೇ?" ಎಂದು ನಲ್ಲಿ ನಿಲ್ಲಿಸಿದರು.

ಹಳ್ಳಿಯ ಆ ಮನೆಯ ಬಚ್ಚಲು ನನ್ನ ಕಣ್ಣ ಮುಂದೆ ಬಂತು. ಅಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ. ಬಿಸಿನೀರು ತೋಡಿಕೊಂಡವರು ಅಷ್ಟೇ ತಣ್ಣೀರನ್ನು ಹಂಡೆಗೆ ಸುರಿದೇ ಹೊರಬರಬೇಕು. ಕೆಳಗೆ ಕೆಂಡ ಇರುತ್ತದೆ, ಮುಂದಿನವರು ಬರುವಷ್ಟರಲ್ಲಿ ನೀರು ಮತ್ತೆ ಕಾದಿರುತ್ತದೆ. ಹಂಡೆ ಬರಿದು ಮಾಡಿ ಬಂದ ಸೊಸೆ ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಬೈಗುಳ ಆ ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಕಲಿತದ್ದನ್ನು ಅತ್ತೆ ಒಂದು ದಿನವೂ ತಪ್ಪಿಸಿದವರಲ್ಲ. ಗೀಸರ್ ಕಂಡಮೇಲೂ ತಪ್ಪಿಸಲಿಲ್ಲ. ಉಳಿದ ಬಿಸಿನೀರನ್ನೆಲ್ಲ ಹರಿಯಬಿಟ್ಟು, ನನಗಾಗಿ ಟ್ಯಾಂಕಿನ ತುಂಬ ತಣ್ಣೀರು ತುಂಬಿಸಿಟ್ಟು, ಆಮೇಲೇ ಹೊರಬರುತ್ತಿದ್ದರು.

ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದು ಸ್ಟೂಲಿನ ಮೇಲೆ ಕುಸಿದೆ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಬಿಸಿನೀರು ಹೊರಗೆ ಬಂದಷ್ಟೂ ತಣ್ಣೀರು ಅದರಷ್ಟಕ್ಕೆ ಅದೇ ಒಳಗೆ ಹೋಗುತ್ತದೆ, ಬೇರೆ ತುಂಬಿಸಬೇಕಿಲ್ಲ, ಕೆಳಗೆ ಕೆಂಡವೂ ಇಲ್ಲ ಎಂದು ವಿವರಿಸಿದೆ. ಅತ್ತೆ ನಗಲಿಲ್ಲ. ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದರು.

"ಹಂಗಾರೆ ಇಲ್ಲಿ ಯಾರೂ ಯಾರಿಗೂ ತುಂಬಿಡದೇ ಬ್ಯಾಡ್ದನೇ?"

ನನ್ನ ನಗು ಅಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಎಲ್ಲರ ಸ್ನಾನ, ಎಲ್ಲರ ತಿಂಡಿ ಆದಮೇಲೆ ನನ್ನದು. ಕೊನೆಗೆ ಬರುವವಳಿಗೆ ಇರಲಿ ಎಂದು ಏನನ್ನಾದರೂ ಎತ್ತಿಟ್ಟವರು ಅತ್ತೆಯನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ. ಅವರು ಎತ್ತಿಟ್ಟದ್ದು ತಣ್ಣೀರು, ನಿಜ. ಆದರೂ ನನಗೆ ಅಳು ಬಂತು, ಬಂದದ್ದನ್ನು ಮುಚ್ಚಿಡಲೂ ಇಲ್ಲ.

"ನೀರು ತುಂಬ್ಕೊಳ್ಳತ್ತೆ ಅತ್ತೆ, ಆದ್ರೆ ಕಾಯಲ್ಲ. ಯಾರಾದ್ರೂ ಸ್ವಿಚ್ ಹಾಕ್ಬೇಕು," ಎಂದೆ.

"ಎಲ್ಲಿದ್ದು ಅದು?"

ತೋರಿಸಿದೆ. ಅತ್ತೆ ವಾಕರ್ ಹಿಡಿದು ಎದ್ದರು, ಗೋಡೆಯವರೆಗೆ ನಿಧಾನಕ್ಕೆ ನಡೆದು ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಿತು. ಅದು ಆರುವವರೆಗೆ ಒಳಗೆ ಕಾಲಿಡಬಾರದೆಂದು ನನಗೆ ತಾಕೀತು ಮಾಡಿ, ನನ್ನ ಸ್ಟೂಲಿನ ಮೇಲೆ ತಾವೇ ಕಾವಲು ಕೂತರು. ಆಮೇಲೆ ತಮ್ಮ ಫೋನು ತರಿಸಿಕೊಂಡು ದೊಡ್ಡ ಮಗನಿಗೆ ಹೇಳಿದರು:

"ನಾಳೆ ಕಾರು ತರಡ. ಆನು ಈಗ ಬತ್ತಿಲ್ಲೆ. ಇಲ್ಲಿ ಕೂಸಿಗೆ ನೀರು ಕಾಸಿ ಕೊಡವು, ಬೇರೆ ಯಾರೂ ಇಲ್ಲೆ."