ಕುಂಕುಮ ಹಚ್ಚಿದ ಪಾಲಿಸಿ

ನೀಲವ್ವ, ನಿಮ್ಮ ಗಂಡನನ್ನು ವಿಮೆಗೆ ಸೇರಿಸದೆ ಬಿಟ್ಟವನು ಲಾರಿ ಮಾಲೀಕ ಶಂಕ್ರಪ್ಪನಲ್ಲ. ನಾನು. ಆಮೇಲೆ ಕೋರ್ಟಿನಲ್ಲಿ ಸುಳ್ಳು ಹೇಳಿದವನೂ ನಾನೇ. ಏಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ.

ಬೆಟಗೇರಿಯಲ್ಲಿ ಲಾರಿಗಳಿಗೆ ವಿಮೆ ಮಾಡಿಸುವ ಏಜೆಂಟ್ ನಾನು. ಮಾಲೀಕರಿಗೆ ಓದಲು ಬಾರದ ಇಂಗ್ಲಿಷ್ ಕಾಗದವನ್ನು ಎರಡು ಮಾತಿನಲ್ಲಿ ತಿಳಿಸಿಕೊಡುತ್ತೇನೆಂಬ ಜಂಬ ಬೇರೆ. ಶಂಕ್ರಪ್ಪನಿಗೆ ಇದ್ದದ್ದು ಒಂದೇ ಲಾರಿ. ಮುಂಡರಗಿ, ಲಕ್ಷ್ಮೇಶ್ವರದ ಕಡೆಯಿಂದ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಗದಗಿಗೆ ಬರುತ್ತಿದ್ದ. ಹೇರಿದ ಹಮಾಲರೇ ಇಳಿಸಲಿಕ್ಕೂ ಬೇಕಲ್ಲ — ಅವರು ಚೀಲಗಳ ಮೇಲೆ ಕೂತೇ ಬರುತ್ತಿದ್ದರು. ನಿಮ್ಮ ಫಕ್ಕೀರಪ್ಪನೂ.

ಲಾರಿಯ ವಿಮೆಯಲ್ಲಿ ಡ್ರೈವರ್, ಕ್ಲೀನರ್ ಒಂದು ಸಾಲಾದರೆ ಹಮಾಲರದು ಬೇರೆ ಸಾಲು. ಎಷ್ಟು ಮಂದಿ ಎಂದು ಬರೆದು ಅವರಿಗಾಗಿ ಬೇರೆ ಕಂತು ಕಟ್ಟಬೇಕು. ಶಂಕ್ರಪ್ಪ ಇದನ್ನು ನನ್ನಿಂದಲೇ ತಿಳಿದುಕೊಂಡು, ಒತ್ತಿ ಹೇಳಿದ್ದ: "ನಾಕು ಮಂದಿ ಹಮಾಲರನ್ನ ಮರೀಬ್ಯಾಡ್ರಿ. ಮ್ಯಾಲೆ ಕುಂತ ಬರತಾರ, ಜೀವಕ್ಕೇನರ ಆದ್ರ ಮನಿ ಮಂದಿಗೆ ನಾ ಏನ್ ಹೇಳ್ಲಿ?" ನಾನು ಮರೆತೆ. ಆ ಜಾಗದಲ್ಲಿ ಸೊನ್ನೆ ಬಿತ್ತು.

ಇಷ್ಟಕ್ಕೇ ನಿಂತಿದ್ದರೆ ಕೈತಪ್ಪು ಎನ್ನಬಹುದಿತ್ತು.

ಪಾಲಿಸಿ ಕೈಗೆ ಬಂದದ್ದು ಮಹಾನವಮಿಯ ಖಂಡೆಪೂಜೆಯ ದಿನ. ಶಂಕ್ರಪ್ಪನ ಮನೆ ಮುಂದೆ ಲಾರಿ ತೊಳೆದು ನಿಲ್ಲಿಸಿ, ಜಾಕು, ಪಾನಾ, ತಾಡಪತ್ರಿ ಬಿಗಿಯುವ ಹಗ್ಗ ಎಲ್ಲ ಸಾಲಾಗಿ ಇಟ್ಟಿದ್ದರು. ವಿಮೆಯ ಕಾಗದವೂ ಪೂಜೆಗೆ ಬೇಕೆಂದು ಅವನ ಹಟ. ಅದನ್ನು ಕೊಡುವಾಗ ಆ ಸೊನ್ನೆ ನನ್ನ ಕಣ್ಣಿಗೆ ಬಿತ್ತು — ಖಂಡಿತ ಬಿತ್ತು, ನೀಲವ್ವ. ಅವನು ಮೂಲೆಗೆ ಕುಂಕುಮ ಹಚ್ಚುತ್ತ ಕೇಳಿದ: "ಹಮಾಲರದೂ ಐತಲ್ರಿ ಇದರಾಗ?" ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡ ನಾಲ್ವರೂ ನನ್ನ ಮುಖ ನೋಡುತ್ತಿದ್ದರು. ಅಷ್ಟು ಜನರೆದುರು ಮರೆತೆ ಎನ್ನಲು ನಾಚಿಕೆಯಾಯಿತು.

"ಐತ್ರಿ," ಅಂದೆ.

ಫಕ್ಕೀರಪ್ಪ ನಗುತ್ತ ಆ ಕಾಗದಕ್ಕೆ ಕೈಮುಗಿದ. "ನಾವೂ ಕಾಗದದಾಗ ಬಂದ್ವಿ ನೋಡ್ರಿ," ಅಂದ.

ಒಂದು ಅರ್ಜಿ ಬರೆದು ಉಳಿದ ಕಂತು ಕಟ್ಟಿಸಿದ್ದರೆ ಸರಿಹೋಗುತ್ತಿತ್ತು. ಹಬ್ಬ ಮುಗಿಯಲಿ ಎಂದುಕೊಂಡೆ. ಆಮೇಲೆ — ನಿಜ ಹೇಳಬೇಕೆಂದರೆ, ಆಮೇಲೆ ನೆನಪೇ ಮಾಡಿಕೊಳ್ಳಲಿಲ್ಲ. ಎರಡು ತಿಂಗಳಿಗೆ ಮುಂಡರಗಿ ರಸ್ತೆಯ ತಿರುವಿನಲ್ಲಿ ಲಾರಿ ಮಗುಚಿತು. ಉಳಿದ ಮೂವರು ಜಿಗಿದರು. ಚೀಲಗಳನ್ನು ಸರಿಸಿ ಫಕ್ಕೀರಪ್ಪನನ್ನು ಹೊರಗೆ ತೆಗೆಯುವಷ್ಟರಲ್ಲಿ ಉಸಿರು ನಿಂತಿತ್ತು.

ನೀವು ಹಾಕಿದ ಪರಿಹಾರದ ಕೇಸಿನಲ್ಲಿ, ಹಮಾಲರನ್ನು ಸೇರಿಸಲು ಮಾಲೀಕ ಹೇಳಿದ್ದನೇ ಎಂದು ಶಂಕ್ರಪ್ಪನ ವಕೀಲರು ನನ್ನನ್ನು ಕೇಳಿದರು. ಮೇಜಿನ ಮೇಲೆ ಅದೇ ಪಾಲಿಸಿ, ಮೂಲೆಯಲ್ಲಿ ಅದೇ ಕುಂಕುಮ. ಹೌದೆಂದರೆ ನನ್ನ ಏಜೆನ್ಸಿ ಹೋಗುತ್ತದೆ, ಅನ್ನ ಹೋಗುತ್ತದೆ...

"ಇಲ್ಲ," ಅಂದೆ.

ಶಂಕ್ರಪ್ಪ ಬೈಯಲಿಲ್ಲ. "ಖರೆ ಹೇಳ್ರಿ..." ಎಂದಷ್ಟೇ ಅಂದ.

ಪರಿಹಾರ ಮಾಲೀಕನೇ ಕೊಡಬೇಕೆಂದು ತೀರ್ಪಾಯಿತು. ಅವನು ಲಾರಿ ಮಾರಿ ಕೊಟ್ಟಷ್ಟೇ ನಿಮಗೆ ದಕ್ಕಿತು. ಹಮಾಲರ ಜೀವಕ್ಕೆ ಒಂದು ಕಂತು ಕಟ್ಟಲಾರದ ಜಿಪುಣ ಎಂದು ಊರೆಲ್ಲ ಅವನನ್ನು ಆಡಿಕೊಂಡಿತು. ಪೂಜೆಯ ದಿನ ನನ್ನನ್ನು ಕೇಳಿದ್ದೂ ಬರೀ ನಾಟಕವೆಂದು ಆ ಮೂವರು ಹಮಾಲರೂ ನಂಬಿದರು. ನೀವು ಅವನ ಬಾಗಿಲಲ್ಲಿ ನಿಂತು, ಮನೆ ಹಾಳಾಗಲೆಂದು ಬೊಗಸೆ ಮಣ್ಣು ತೂರಿದಿರಿ. ಎದುರಿನ ಕಟ್ಟೆಯ ಮೇಲೆ ನಾನಿದ್ದೆ. ಅವನು ಬಾಗಿಲು ಹಾಕಿಕೊಳ್ಳದೆ ತಲೆ ತಗ್ಗಿಸಿ ನಿಂತಿದ್ದ. ನಾನು ಮನೆಗೆ ಹೋಗಿ ಊಟ ಮಾಡಿದೆ.

ಈಗ ಅವನು ಬೇರೆಯವರ ಲಾರಿ ಓಡಿಸುತ್ತಾನೆ. ನಿಮ್ಮೂರು ಅಸುಂಡಿಯ ಹಮಾಲರು ಅವನಿರುವ ಗಾಡಿಗೆ ಕೈಹಚ್ಚುವುದಿಲ್ಲ. ಮೊನ್ನೆ ಮಾರ್ಕೆಟ್ಟಿನಲ್ಲಿ ತಾನೇ ಚೀಲ ಹೊತ್ತು ಹೇರುತ್ತಿದ್ದ. ನನ್ನನ್ನು ಕಂಡು ಬೆವರು ಒರೆಸಿಕೊಂಡು, "ಚಾ ಕುಡೀತೀರೇನ್ರಿ?" ಅಂದ. ನನಗೆ ನಿಲ್ಲಲಾಗಲಿಲ್ಲ.

ಈ ಮಾತುಗಳನ್ನೇ ಬರೆದು ಸಹಿ ಮಾಡಿ ಗದಗಿನಲ್ಲಿ ಅವನ ವಕೀಲರಿಗೆ ಕೊಟ್ಟಿದ್ದೇನೆ. ಏನು ಶಿಕ್ಷೆಯಾಗುತ್ತದೋ ಆಗಲಿ. ಕ್ಷಮಿಸಿ ಎನ್ನುವ ಯೋಗ್ಯತೆ ನನಗಿಲ್ಲ. ನಾಳೆ ಬೆಳಿಗ್ಗೆ ಅಸುಂಡಿಗೆ ಬಂದು, ಆ ಮೂವರು ಹಮಾಲರೆದುರೇ ಎಲ್ಲ ಹೇಳುತ್ತೇನೆ. ಆಮೇಲೆ ನೀವು ಒಮ್ಮೆ ಶಂಕ್ರಪ್ಪನ ಮನೆಗೆ ಹೋಗಿ ಬನ್ನಿ, ನೀಲವ್ವ. ನಿಮ್ಮ ಗಂಡನ ಜೀವದ ಬಗ್ಗೆ ಎರಡು ಸಲ ಕೇಳಿದವನು ಅವನೊಬ್ಬನೇ.