ಅಪ್ಪನ ಕಾಲಿಗೆ ಹಾಕದೆ ಬಿಟ್ಟ ಸೂಜಿ

ನಂಜನಗೂಡಿನಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ರವಿಕೆ ಹೊಲಿಯುವುದೇ ಹೆಚ್ಚು. ಇಪ್ಪತ್ತು ವರ್ಷ ಮೆಷಿನ್ ಮುಂದೆ ತಲೆ ಬಗ್ಗಿಸಿ ಕೂತಿದ್ದಕ್ಕೋ ಏನೋ, ಹೋದ ವರ್ಷ ಕುತ್ತಿಗೆ ಹಿಡಿದುಕೊಂಡಿತು. ಬಲಗಡೆ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. ನೋವು ಭುಜಕ್ಕಿಳಿದು, ಆಮೇಲೆ ಬೆರಳಿನ ತುದಿಗೂ ಬಂತು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ದೊಡ್ಡ ತೊಂದರೆಯೇನಿಲ್ಲ, ಸವೆತ ಅಷ್ಟೇ ಎಂದು ಮಾತ್ರೆ ಕೊಟ್ಟರು. ಮಾತ್ರೆ ನುಂಗಿದರೆ ನೋವು ಕಡಿಮೆಯಾಗುತ್ತಿತ್ತು, ಹೊಟ್ಟೆ ಉರಿ ಶುರುವಾಗುತ್ತಿತ್ತು.

ರವಿಕೆ ಹೊಲಿಸಲು ಬರುತ್ತಿದ್ದ ಟೀಚರೊಬ್ಬರು ಟಿ. ನರಸೀಪುರದಲ್ಲಿ ಅಕ್ಯುಪಂಕ್ಚರ್ ಮಾಡುವ ಡಾಕ್ಟರಮ್ಮ ಇದ್ದಾರೆ, ತಮ್ಮ ಸೊಂಟನೋವಿಗೆ ಗುಣ ಕಂಡಿತು ಎಂದು ಹೇಳಿದರು. ದಿನವಿಡೀ ಸೂಜಿ ಹಿಡಿದು ಕೆಲಸ ಮಾಡುವ ನನಗೆ ಮೈಗೆ ಸೂಜಿ ಚುಚ್ಚಿಸಿಕೊಳ್ಳುವುದೆಂದರೆ ಮಾತ್ರ ಚಿಕ್ಕಂದಿನಿಂದ ಭಯ. ಹೋಗುತ್ತೇನೆ, ಹೋಗುತ್ತೇನೆ ಎನ್ನುತ್ತ ಎರಡು ತಿಂಗಳು ಕಳೆದೆ. ನನ್ನ ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಜೊತೆಗೆ ಬರಲು ಆಗುತ್ತಿರಲಿಲ್ಲ. ಕೊನೆಗೆ ಹೆಮ್ಮರಗಾಲದಲ್ಲಿ ತಮ್ಮನ ಜೊತೆ ಇದ್ದ ಅಪ್ಪನಿಗೆ ಫೋನ್ ಮಾಡಿದೆ. ಮಾರನೆಯ ದಿನ ಬೆಳಗ್ಗೆ ಎಂಟಕ್ಕೆಲ್ಲ ಅಪ್ಪ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಬಿಳಿ ಪಂಚೆ ಉಟ್ಟು ನನ್ನ ಅಂಗಡಿಯ ಮುಂದೆ ನಿಂತಿದ್ದರು.

ಬೀಜ ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಗಳ ಕ್ಲಿನಿಕ್ಕು. ಡಾಕ್ಟರಮ್ಮನಿಗೆ ಮೂವತ್ತು ದಾಟಿರಬಹುದು. ಪ್ರಕೃತಿ ಚಿಕಿತ್ಸೆ ಓದಿದವರು. ನನ್ನ ಎಕ್ಸ್‌ರೇ ನೋಡಿ, ಕುತ್ತಿಗೆಯನ್ನು ಮೆಲ್ಲಗೆ ಒತ್ತಿ ಒತ್ತಿ ಕೇಳಿ, ಆಮೇಲೆ ಒಂದು ಪ್ಯಾಕೆಟ್ ಒಡೆದು ಸೂಜಿ ತೋರಿಸಿದರು.

"ಇದು ಇಂಜೆಕ್ಷನ್ ಸೂಜಿ ಅಲ್ಲ. ಇದರೊಳಗೆ ಔಷಧಿ ಇರಲ್ಲ. ಎಷ್ಟು ಸಣ್ಣ ಇದೆ ನೋಡಿ. ಒಬ್ಬರಿಗೆ ಹಾಕಿದ್ದನ್ನ ಇನ್ನೊಬ್ಬರಿಗೆ ಹಾಕಲ್ಲ."

ನಾನು ಆಗಲೇ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ನೋಡುತ್ತಿದ್ದೆ. "ಇನ್ನೊಂದು ದಿನ ಬರ್ತೀನಿ ಮೇಡಂ," ಎಂದೆ.

ಅಪ್ಪನಿಗೆ ಸಿಟ್ಟು ಬಂತು. "ಇಷ್ಟ್ ದೂರ ಬಂದು ವಾಪಸ್ ಓಗಕ್ಕಾಯ್ತದಾ? ತಾಯಿ, ಮೊದ್ಲು ನಂಗೆ ಆಕಿ. ಇವ್ಳು ಕಣ್ಣಾರೆ ನೋಡ್ಲಿ."

"ನಿಮಗೆ ಶುಗರು, ಬಿಪಿ ಏನಾದರೂ ಇದೆಯಾ ಯಜಮಾನ್ರೆ?"

"ಯಾವ್ದೂ ಇಲ್ಲ ತಾಯಿ. ಆಸ್ಪತ್ರೆ ಮೆಟ್ಲು ತುಳ್ದೋನೇ ಅಲ್ಲ ನಾನು."

ಡಾಕ್ಟರಮ್ಮ ನಕ್ಕು, ಅಪ್ಪನ ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಸೂಜಿ ಹಾಕಿದರು. ಅಪ್ಪ ಕೈಯನ್ನು ನನ್ನ ಮುಖದ ಹತ್ತಿರ ತಂದು ತೋರಿಸಿದರು. "ನೋಡ್ ಮಗ, ಇರುವೆ ಕಚ್ದಂಗೂ ಆಗ್ನಿಲ್ಲ. ಸುಮ್ನೆ ಜುಮ್ ಅಂತದೆ ಅಷ್ಟೇಯ."

ಅಷ್ಟಕ್ಕೇ ಸುಮ್ಮನಾಗಿದ್ದರೆ ನಾನು ಮಂಚದ ಮೇಲೆ ಮಲಗುತ್ತಿದ್ದೆ, ನಮ್ಮ ಕೆಲಸ ಮುಗಿಯುತ್ತಿತ್ತು. ಆದರೆ ಅಪ್ಪನಿಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಬಲಗಾಲನ್ನು ಮುಂದೆ ಚಾಚಿದರು. "ಈ ಪಾದ ಒಂದ್ ವರ್ಷದಿಂದ ಜೋಮು ಇಡ್ದಂಗೆ ಅದೆ. ಇದಕ್ಕೂ ಒಂದ್ ಆಕ್ಬುಡಿ ತಾಯಿ."

ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತು ಆ ಪಾದವನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಅವರ ಮುಖದಲ್ಲಿನ ನಗು ಹೋಯಿತು. ಒಂದು ತುಂಡು ಹತ್ತಿ ತೆಗೆದುಕೊಂಡು, "ಕಣ್ಣು ಮುಚ್ಕೊಳ್ಳಿ. ನಾನು ಮುಟ್ಟಿದ ತಕ್ಷಣ ಹೇಳಿ," ಎಂದರು.

ಅಪ್ಪ ಮಗುವಿನಂತೆ ಕಣ್ಣು ಮುಚ್ಚಿದರು. ಡಾಕ್ಟರಮ್ಮ ಹೆಬ್ಬೆರಳನ್ನು ಮುಟ್ಟಿದರು. ಕಿರುಬೆರಳನ್ನು ಮುಟ್ಟಿದರು. ಅಂಗಾಲಿನ ಮೇಲೆ ಹತ್ತಿಯನ್ನು ಉದ್ದಕ್ಕೆ ಎಳೆದರು. ಅಪ್ಪ ಕಾಯುತ್ತಲೇ ಇದ್ದರು.

"ಮುಟ್ಟಿ ತಾಯಿ, ಯಾಕ್ ಸುಮ್ನಾದ್ರಿ?"

ಡಾಕ್ಟರಮ್ಮ ನನ್ನನ್ನು ಹತ್ತಿರ ಕರೆದು ಅಂಗಾಲನ್ನು ತೋರಿಸಿದರು. ಹೆಬ್ಬೆರಳಿನ ಬುಡದಲ್ಲಿ ಒಂದು ರೂಪಾಯಿ ಅಗಲದ ಗಾಯ. ಅಂಚು ಕಪ್ಪಾಗಿತ್ತು, ನಡುವೆ ಮುರಿದ ಜಾಲಿ ಮುಳ್ಳು ಹಾಗೇ ಕೂತಿತ್ತು. ಎಷ್ಟು ದಿನದಿಂದ ಇತ್ತೋ. ಆ ಕಾಲಿನಲ್ಲೇ ಅಪ್ಪ ಗದ್ದೆಗೆ ಇಳಿದಿದ್ದರು, ಹಸುಗಳಿಗೆ ಹುಲ್ಲು ಹೊತ್ತಿದ್ದರು, ಬೆಳಗ್ಗೆ ಬಸ್‌ಸ್ಟ್ಯಾಂಡಿನಿಂದ ನನ್ನ ಅಂಗಡಿಯವರೆಗೆ ನಡೆದು ಬಂದಿದ್ದರು.

"ಈ ಕಾಲಿಗೆ ನಾನು ಸೂಜಿ ಹಾಕಲ್ಲ ಯಜಮಾನ್ರೆ," ಎಂದರು ಡಾಕ್ಟರಮ್ಮ. "ನಿಮಗೆ ಶುಗರ್ ಇರೋ ಹಾಗೆ ಕಾಣುತ್ತೆ. ಮೊದಲು ಆಸ್ಪತ್ರೆಗೆ ಹೋಗಿ. ನಾಳೆ ಅಲ್ಲ, ಈಗಲೇ."

ಅಪ್ಪ ಒಪ್ಪಲಿಲ್ಲ. "ಬಂದಿದ್ದು ಇವ್ಳಿಗೆ. ಇವ್ಳ್ದು ಮುಗೀಲಿ," ಎಂದು ಹಟ ಹಿಡಿದರು. ಡಾಕ್ಟರಮ್ಮ ದನಿ ಏರಿಸದೆಯೇ, "ನಿಮ್ಮ ಮಗಳ ಕುತ್ತಿಗೆ ಒಂದು ವಾರ ಕಾಯುತ್ತೆ. ನಿಮ್ಮ ಕಾಲು ಕಾಯಲ್ಲ," ಎಂದು ಅಪ್ಪನ ಕೈಯಲ್ಲಿದ್ದ ಸೂಜಿ ತೆಗೆದು, ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ನಮ್ಮಿಂದ ಫೀಸು ಕೂಡ ತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಶುಗರ್ ವಿಪರೀತ ಇತ್ತು. ಗಾಯ ತೊಳೆದ ಡಾಕ್ಟರು, ಇನ್ನೊಂದಿಷ್ಟು ದಿನ ಬಿಟ್ಟು ಬಂದಿದ್ದರೆ ಪಾದವನ್ನೇ ತೆಗೆಯುವ ಮಾತಾಡಬೇಕಾಗುತ್ತಿತ್ತು ಎಂದರು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಆ ಕಾಲನ್ನೇ ನೋಡುತ್ತಿದ್ದರು. ಆಮೇಲೆ, "ನೋವಿದ್ದಿದ್ರೆ ಯೋಳ್ತಿರ್ನಿಲ್ವಾ ಮಗ," ಎಂದರು, ತಪ್ಪು ಮಾಡಿದವರ ಹಾಗೆ.

ದಿನಾ ಡ್ರೆಸಿಂಗ್ ಆಗಬೇಕಾದ್ದರಿಂದ ಅಪ್ಪನನ್ನು ನಂಜನಗೂಡಿನ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ನನ್ನ ಮದುವೆಯಾದ ಮೇಲೆ ಅವರು ಒಂದು ರಾತ್ರಿಯೂ ಇಲ್ಲಿ ಉಳಿದವರಲ್ಲ. "ಮಗ್ಳ ಮನೇಲಿ ಎಷ್ಟ್ ದಿನ ಅಂತ ಉಣ್ಣದು," ಎಂದು ಮೊದಲ ವಾರವೆಲ್ಲ ಮುದುಡಿಕೊಂಡೇ ಇದ್ದರು. ಎರಡನೆಯ ವಾರ ಅಂಗಡಿಗೆ ಬಂದು ಕಾಲನ್ನು ಸ್ಟೂಲಿನ ಮೇಲಿಟ್ಟು ಕೂರತೊಡಗಿದರು. ಸುಮ್ಮನೆ ಕೂರಲಾರದೆ ರವಿಕೆಗೆ ಹುಕ್ ಹಾಕುವುದನ್ನು ಕೇಳಿ ಕಲಿತರು. ನೇಗಿಲು ಹಿಡಿದ ಆ ದಪ್ಪ ಬೆರಳುಗಳಲ್ಲಿ ಅಷ್ಟು ಬಿಗಿಯಾದ ಹೊಲಿಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಅಪ್ಪ ನಮ್ಮ ಮನೆಗೆ ಬಂದ ಮರುವಾರವೇ, ಸೋಮವಾರ, ನಾನು ಒಬ್ಬಳೇ ಟಿ. ನರಸೀಪುರಕ್ಕೆ ಹೋಗಿದ್ದೆ. ಭಯ ಇರಲಿಲ್ಲ ಎನ್ನಲಾರೆ. ಆದರೆ ಮುಳ್ಳು ಮುರಿದಿದ್ದೂ ಗೊತ್ತಾಗದ ಕಾಲನ್ನು ದಿನಾ ತೊಳೆಯುತ್ತಿದ್ದವಳಿಗೆ, ಚುಚ್ಚಿದ್ದು ಗೊತ್ತಾಗುವುದೂ ಒಂದು ಭಾಗ್ಯವೇ ಎನಿಸಿತು. ಕುತ್ತಿಗೆ, ಭುಜ, ಮೊಣಕೈ ಹತ್ತಿರ ಸೂಜಿಗಳನ್ನು ಹಾಕಿ ಇಪ್ಪತ್ತು ನಿಮಿಷ ಅಲುಗದೆ ಮಲಗಲು ಹೇಳಿದರು. ಮೊದಲು ಚುರುಕ್ ಎಂದು, ಆಮೇಲೆ ಭುಜದಲ್ಲಿ ಭಾರವೊಂದು ಮೆಲ್ಲಗೆ ಹರಡಿದಂತಾಯಿತು. ಹಗಲು ಹೊತ್ತಿನಲ್ಲಿ ನಾನು ಹಾಗೆ ಮಲಗಿ ಎಷ್ಟು ವರ್ಷವಾಗಿತ್ತೋ. ಸೂಜಿ ತೆಗೆಯಲು ಬಂದಾಗ ನಾನು ನಿದ್ದೆ ಹೋಗಿದ್ದೆ.

ಐದಾರು ಸಲ ಹೋದ ಮೇಲೆ ಬೆರಳಿನ ನೋವು ನಿಂತಿತು, ಕುತ್ತಿಗೆ ತಿರುಗತೊಡಗಿತು. ಪೂರ್ತಿ ವಾಸಿಯಾಯಿತೇ ಎಂದು ಕೇಳಿದರೆ ಇಲ್ಲ. "ಸವೆದಿರೋ ಮೂಳೆನ ನಾನು ಮೊದಲಿನ ಹಾಗೆ ಮಾಡಕ್ಕಾಗಲ್ಲ. ನೋವು ಇಳಿಸಬಹುದು. ಗಂಟೆಗೊಂದು ಸಲ ಎದ್ದು ಓಡಾಡೋದು ನಿಮ್ಮ ಕೆಲಸ," ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಅಪ್ಪನ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಊರಿಗೆ ಹೊರಟ ದಿನ ನನ್ನ ತಮ್ಮ ಬಂದು ಹೊಸ ಚಪ್ಪಲಿ ಕೊಟ್ಟ. ಅಪ್ಪ ಗೊಣಗಿಕೊಂಡೇ ಹಾಕಿಕೊಂಡರು. ಊರಲ್ಲಿ ಆಗಲೇ ಸುದ್ದಿ ಹಬ್ಬಿತ್ತಂತೆ, ಕೊಳೆತಿದ್ದ ಕಾಲಿಗೆ ಸೂಜಿ ಹಾಕಿ ವಾಸಿ ಮಾಡಿದರು ಎಂದು. ಅಡ್ರೆಸ್ ಕೇಳಲು ಬಂದವರಿಗೆಲ್ಲ ಅಪ್ಪ ತಿದ್ದಿ ಹೇಳುತ್ತಿದ್ದರು: "ಆಯಮ್ಮ ಕಾಲ್ಗೆ ಸೂಜಿ ಆಕ್ನಿಲ್ಲ ಕಣ್ರೋ. ಕಾಲ್ನ ಮಡ್ಲಲ್ಲಿ ಇಟ್ಕೊಂಡು ನೋಡ್ತು. ನಮ್ ಮನೇರು ಯಾರೂ ಅಂಗ್ ನೋಡಿರ್ನಿಲ್ಲ."

ಈ ಮಾತನ್ನು ತಮ್ಮ ನನಗೆ ಫೋನಿನಲ್ಲಿ ಹೇಳಿ, ಇನ್ನು ದಿನಾ ರಾತ್ರಿ ಅಪ್ಪನ ಅಂಗಾಲನ್ನು ತಾನೇ ನೋಡುತ್ತೇನೆ ಎಂದ.

ಈಗ ಅಪ್ಪ ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆಂದು ನಂಜನಗೂಡಿಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಸಂಕೋಚವಿಲ್ಲದೆ ಉಂಡು, ಒಂದು ಗಳಿಗೆ ಮಲಗಿ, ಮೂರು ಗಂಟೆಯ ಬಸ್ಸಿಗೆ ಊರಿಗೆ ಹೊರಡುತ್ತಾರೆ.